ಫ್ರಿಜ್ಜಿನ ಮೇಲಿನ ಡಬ್ಬಿಗಳು

ಕ್ಯಾನ್ಸರ್ ಬಂದವರ ಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಅಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದಾಗ ಮೊದಮೊದಲು ಎಳನೀರು, ದಾಳಿಂಬೆ ಬಂದವು. ಆಮೇಲೆ ಡಬ್ಬಿಗಳು ಬರತೊಡಗಿದವು: ಗೋಧಿಹುಲ್ಲಿನ ಪುಡಿ, ನೋನಿ ರಸ, ಲಕ್ಷ್ಮಣಫಲದ ಎಲೆಯ ಪುಡಿ, ವಿಟಮಿನ್ ಮಾತ್ರೆಗಳು, ಕಾಳುಮೆಣಸಿನ ಸಾರ ಬೆರೆಸಿದ ಅರಿಶಿನದ ಕ್ಯಾಪ್ಸೂಲ್. ಆಪರೇಷನ್, ಕೀಮೋ ಎಲ್ಲ ಮುಗಿದು ದಿನಕ್ಕೊಂದು ಟಮಾಕ್ಸಿಫೆನ್ ಮಾತ್ರೆ ಎನ್ನುವಲ್ಲಿಗೆ ಬಂದಾಗ ಫ್ರಿಜ್ಜಿನ ಮೇಲೆ ಜಾಗವಿರಲಿಲ್ಲ.

ತಂದುಕೊಟ್ಟವರನ್ನು ಗೇಲಿ ಮಾಡುವುದು ಸುಲಭ. ಪಿಎಚ್.ಡಿ. ಮಾಡುತ್ತಿರುವವಳಿಗೆ ಇನ್ನೂ ಸುಲಭ. ಆದರೆ ಅರಿಶಿನದ ಡಬ್ಬಿ ತಂದ ದೊಡ್ಡಮ್ಮ, ಕೀಮೋದ ದಿನಗಳಲ್ಲಿ ಅಮ್ಮನ ವಾಂತಿ ಬಳಿದವರು. "ದಿನಾ ಸಾರಿಗೆ ಹಾಕೋದೇ ಅಲ್ವೇನೇ, ಅದೇನು ಮಾಡುತ್ತೆ?" ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಸಾರಿನ ಚಿಟಿಕೆ ಅರಿಶಿನ ಬೇರೆ, ಸಾರ ತೆಗೆದು ತುಂಬಿದ ಕ್ಯಾಪ್ಸೂಲ್ ಬೇರೆ. ಟಮಾಕ್ಸಿಫೆನ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಯಕೃತ್ತು ಅದನ್ನು ಎಂಡಾಕ್ಸಿಫೆನ್ ಎಂಬ ಇನ್ನೂ ಬಲವಾದ ರೂಪಕ್ಕೆ ಬದಲಾಯಿಸಬೇಕು. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಅರಿಶಿನದ ಕರ್ಕ್ಯುಮಿನ್ ಮತ್ತು ಮೆಣಸಿನ ಪೈಪರೀನ್ ಒಟ್ಟಿಗೆ ತೆಗೆದುಕೊಂಡವರ ರಕ್ತದಲ್ಲಿ ಎಂಡಾಕ್ಸಿಫೆನ್ ಕಡಿಮೆಯಾಗಿತ್ತು. ತಿನ್ನುವ ಪದಾರ್ಥ ಮಾತ್ರೆಯಾದಾಗ ಗುಣ ಬದಲಾಗುವುದಕ್ಕೆ ಇನ್ನೂ ಹಳೆಯ ಉದಾಹರಣೆಯಿದೆ. ಫಿನ್‌ಲ್ಯಾಂಡಿನಲ್ಲಿ ಸುಮಾರು 29,000 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟೀನನ್ನು ಮಾತ್ರೆಯಾಗಿ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಿತ್ತು. ಅತಿಯಾದರೆ ಅಮೃತವೂ ವಿಷ ಎಂಬ ಮಾತು ನಮ್ಮಲ್ಲೇ ಇದೆ.

ಇದನ್ನೆಲ್ಲ ಹೇಳಿದರೂ ಅಮ್ಮ ಡಬ್ಬಿ ಬಿಡಲಿಲ್ಲ. "ಬೇರೆ ಏನಾದರೂ ತಗೋತಿದೀರಾ?" ಎಂದು ಡಾಕ್ಟರು ಕೇಳಿದಾಗಲೆಲ್ಲ "ಇಲ್ಲ ಸರ್" ಎನ್ನುತ್ತಿದ್ದಳು. ಸುಳ್ಳೆಂದು ಅವಳಿಗೆ ಅನ್ನಿಸುತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ. ಒಂದು ರಾತ್ರಿ ಅಮ್ಮನೇ ಹೇಳಿದಳು: "ಕತ್ತರಿಸಿದ್ದು ಅವರು, ಸೂಜಿ ಹಾಕಿದ್ದು ಅವರು. ಇದೊಂದು ನಾನಾಗಿ ಮಾಡ್ತಿರೋದು ಕಣೇ."

ಆ ಮಾತಿಗೆ ಯಾವ ಅಧ್ಯಯನದಲ್ಲೂ ಉತ್ತರವಿರಲಿಲ್ಲ. ಡಬ್ಬಿ ಕಿತ್ತುಕೊಂಡರೆ ಅವಳ ಕೈಯಲ್ಲಿದ್ದ ಒಂದೇ ಕೆಲಸವನ್ನು ಕಿತ್ತುಕೊಂಡಂತೆ. ಹಾಗೆಂದು ಬಿಟ್ಟರೆ ನುಂಗುತ್ತಿದ್ದ ಮಾತ್ರೆಯ ಬಲವೇ ಕುಂದಬಹುದು.

ಮುಂದಿನ ತಪಾಸಣೆಗೆ ಎಲ್ಲ ಡಬ್ಬಿಗಳನ್ನೂ ಬಟ್ಟೆಚೀಲಕ್ಕೆ ತುಂಬಿಕೊಂಡು ಹೋದೆವು. ಡಾಕ್ಟರು ಬೈಯಲಿಲ್ಲ. ಒಂದೊಂದರ ಲೇಬಲ್ ಓದಿ ಪಕ್ಕಕ್ಕಿಟ್ಟರು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡಿದ್ದರಿಂದ ವಿಟಮಿನ್ ಡಿ ಒಂದು ಉಳಿಯಿತು. "ಅರಿಶಿನ ಸಾರಿಗೇ ಇರಲಿ ಅಮ್ಮಾ" ಎಂದರು. ಅಮ್ಮ ತಲೆಯಾಡಿಸಿದಳು. ದಾರಿಯುದ್ದಕ್ಕೂ ಮಾತಾಡಲಿಲ್ಲ.

ಮರುದಿನ ಅವಳು ನನ್ನ ಹತ್ತಿರ ಒಂದು ಖಾಲಿ ನೋಟ್‌ಬುಕ್ ಕೇಳಿದಳು. ಏನು ತಿಂದೆ, ಯಾವ ಮಾತ್ರೆ ಎಷ್ಟು ಗಂಟೆಗೆ, ರಾತ್ರಿ ಎಷ್ಟು ಸಲ ಮೈ ಬಿಸಿಯೇರಿ ಎಚ್ಚರವಾಯಿತು, ಎಲ್ಲ ಬರೆಯುತ್ತಾಳೆ. ಕೊನೆಯ ಪುಟದಲ್ಲಿ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳಿವೆ. ಈಚೆಗೆ ದೊಡ್ಡಮ್ಮ ತಂದ ಹೊಸ ಪುಡಿಯ ಹೆಸರೂ ಅಲ್ಲಿದೆ. ಡಬ್ಬಿಯನ್ನು ಅಮ್ಮ ಇನ್ನೂ ತೆರೆದಿಲ್ಲ.