ಊರ ಭವನದ ಕೀಲಿಕೈ

ಕಡಲೆಯ ರಾಶಿ ಮುಗಿಯುತ್ತ ಬಂದ ದಿನಗಳವು. ಗ್ರಾಮ ಪಂಚಾಯತಿಯ ಸಿಪಾಯಿ ಮನೆಗೆ ಬಂದು ಗ್ರಾಮಸಭೆಯ ತಿಳುವಳಿಕೆ ಪತ್ರವನ್ನು ಕೊಟ್ಟು ಹೋದನು. ಕುಡಿಯುವ ನೀರು, ಬೀದಿದೀಪ ಮೊದಲಾದ ಎಂದಿನ ವಿಷಯಗಳ ಕೆಳಗೆ ಐದನೆಯದಾಗಿ ಒಂದು ಸಾಲಿತ್ತು: ‘ನಷ್ಟದಲ್ಲಿರುವ ಸಮುದಾಯ ಭವನದ ವಿಲೇವಾರಿ ಕುರಿತು.’ ಮೂವತ್ತು ವರ್ಷಕ್ಕೂ ಮಿಕ್ಕಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನನಗೆ ಆ ‘ವಿಲೇವಾರಿ’ ಎಂಬ ಪದ ಚುಚ್ಚಿತು. ಕಸದ ವಿಲೇವಾರಿಯನ್ನು ಕೇಳಿದ್ದೆ; ಊರು ಕೂಡುವ ಜಾಗದ ವಿಲೇವಾರಿಯನ್ನು ಅಂದೇ ಓದಿದೆ.

ನವಲಗುಂದ ತಾಲ್ಲೂಕಿನ ನಮ್ಮದು ಎರೆಭೂಮಿಯ ಊರು. ಈ ಭವನ ಕಟ್ಟುವುದಕ್ಕೆ ಮೊದಲು ಊರಿನವರು ಕೂಡುತ್ತಿದ್ದುದು ಚಾವಡಿಯಲ್ಲಿ, ಗುಡಿಯ ಕಟ್ಟೆಯ ಮೇಲೆ. ಶ್ರಾವಣದಲ್ಲಿ ಪುರಾಣ ಹಚ್ಚಿದಾಗ ಮಠದ ಪಡಸಾಲೆಯಲ್ಲಿ. ಆ ಮೂರೂ ಕಡೆಗಳಲ್ಲಿ ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬುದು ಹೇಳದೆಯೇ ತಿಳಿದಿತ್ತು. ಕೆಲವರು ಮೆಟ್ಟಿಲ ಕೆಳಗೇ ನಿಂತು ಕೇಳಿ ಹೋಗುತ್ತಿದ್ದರು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಸರ್ಕಾರದ ಅನುದಾನದಿಂದ ಭವನ ಎದ್ದು ನಿಂತಾಗ ಊರಿನ ಎಲ್ಲ ಓಣಿಯವರೂ ಚಕ್ಕಡಿಗಳಲ್ಲಿ ಮೊರಂ ಹೇರಿ ತಂದು ಹಾಕಿದರು. ನಾನೂ ಮಕ್ಕಳನ್ನು ಕರೆದೊಯ್ದು ಅಂಗಳದ ಕಲ್ಲು ಆರಿಸಿದ್ದೆ. ಪ್ರಾರಂಭದ ದಿನ ಒಂದೇ ಜಮಖಾನೆಯ ಮೇಲೆ ಎಲ್ಲರೂ ಕುಳಿತು ಉಂಡರು. ಅಂಥದೊಂದು ಪಂಕ್ತಿಯನ್ನು ನಮ್ಮ ಊರಿನಲ್ಲಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆದರೆ ಕಟ್ಟಡವು ಕಟ್ಟಿದ ದಿನದಂತೆಯೇ ಉಳಿಯುವ ವಸ್ತುವಲ್ಲ. ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿಬಿಡುತ್ತದೆ. ಬುನಾದಿ ಸಾಕಷ್ಟು ಆಳಕ್ಕೆ ಇಳಿಯದಿದ್ದರೆ ವರ್ಷ ವರ್ಷಕ್ಕೂ ಗೋಡೆ ಸೀಳುತ್ತ ಹೋಗುತ್ತದೆ. ಭವನದ ಪಡುವಣ ಗೋಡೆಯಲ್ಲಿ ಮೊದಲು ಕೂದಲೆಳೆಯಷ್ಟಿದ್ದ ಬಿರುಕಿನಲ್ಲಿ ಈಗ ಬೆರಳು ತೂರುತ್ತದೆ. ಶೌಚಾಲಯಕ್ಕೆ ನೀರಿಲ್ಲ. ಅಡುಗೆಮನೆಯ ತಗಡು ಗಾಳಿಗೆ ಹಾರಿ ಹೋಗಿದೆ. ವಿದ್ಯುತ್ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ.

ಇದು ನಮ್ಮೊಂದು ಊರಿನ ಕಥೆಯಲ್ಲ. ಬೀಗರ ಮನೆಗಳಿಗೆಂದು ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಗಳಲ್ಲಿ ತಿರುಗಾಡುವಾಗ ಕೀಲಿ ಜಡಿದ ಇಂಥ ಭವನಗಳನ್ನು ನಾನು ಕಂಡಿದ್ದೇನೆ. ಇದಕ್ಕೆ ಕಾರಣವೂ ಗುಟ್ಟಿನದಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹನ್ನೊಂದನೆಯ ಅನುಸೂಚಿಯಲ್ಲಿ ಪಟ್ಟಿ ಮಾಡಿತು. ಅವುಗಳಲ್ಲಿ ಕಟ್ಟಕಡೆಯದು ಸಮುದಾಯದ ಆಸ್ತಿಗಳ ಸಂರಕ್ಷಣೆ. ಪಟ್ಟಿಯಲ್ಲಿ ಕಡೆಯದಾದುದು ಖರ್ಚಿನಲ್ಲಿಯೂ ಕಡೆಯದಾಗಿಯೇ ಉಳಿಯಿತು. ಕಟ್ಟಲು ಶಾಸಕರ ನಿಧಿ, ಸಂಸದರ ನಿಧಿ ಎಂದು ಹಣ ಬರುತ್ತದೆ, ಅಡಿಗಲ್ಲಿನ ಮೇಲೆ ಹೆಸರೂ ಬರುತ್ತದೆ. ಸುಣ್ಣ ಬಳಿಯಲು, ನಲ್ಲಿ ಕೂಡಿಸಲು ಹಣವೂ ಇಲ್ಲ, ಹೆಸರೂ ಇಲ್ಲ. 15ನೆಯ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಗ್ರಾಮೀಣ ಸಂಸ್ಥೆಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ನೂರಕ್ಕೆ 60 ಭಾಗವನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮೀಸಲಿಟ್ಟಿತು. ಅದು ನ್ಯಾಯವೇ. ಉಳಿದ 40 ಭಾಗದಲ್ಲಿ ಊರಿನ ನೂರು ಬೇಡಿಕೆಗಳು. ಅವುಗಳ ಸಾಲಿನಲ್ಲಿ ನಮ್ಮ ಭವನದ ಸರದಿ ಬರಲೇ ಇಲ್ಲ.

ಗ್ರಾಮಸಭೆಯ ಮುಂದೆ ಮೂರು ಸೂಚನೆಗಳಿದ್ದವು. ಹೆಸರು, ಕಡಲೆ ಕೂಡಿಡಲು ಪೇಟೆಯ ವ್ಯಾಪಾರಿಯೊಬ್ಬರಿಗೆ ದೀರ್ಘ ಕಾಲದ ಬಾಡಿಗೆಗೆ ಕೊಡುವುದು ಮೊದಲನೆಯದು. ಕೆಡವಿ ಅಂಗಡಿ ಮಳಿಗೆಗಳನ್ನು ಕಟ್ಟುವುದು ಎರಡನೆಯದು. ಮೂರನೆಯದು ನಮ್ಮ ಸಮಾಜದ ಹಿರಿಯರು ಕೂಡಿ ಒಂದು ಟ್ರಸ್ಟ್ ಮಾಡಿ, ಭವನವನ್ನು ಪಡೆದು, ಸುಸಜ್ಜಿತ ಕಲ್ಯಾಣ ಮಂಟಪವನ್ನಾಗಿ ಮಾಡುವುದು. ಈ ಮೂರನೆಯ ಸೂಚನೆಯ ಮುಂದಾಳು ನನ್ನ ಸ್ವಂತ ತಮ್ಮ.

“ಅಣ್ಣಾ, ಪಂಚಾಯ್ತಿಗೆ ಅದು ಹೊರಿ ಆಗೇತಿ. ನಮಗ ಹೊರಿ ಅಲ್ಲ. ನಮ್ಮ ಕೈಗೆ ಬಂದ್ರ ವರ್ಷದಾಗ ಹೊಸಾದು ಮಾಡಿ ತೋರಸ್ತೀವಿ. ನೀ ಎದ್ದು ಒಂದು ಮಾತು ಹೇಳಿದ್ರ ಸಭಾ ಒಪ್ಪತೈತಿ,” ಎಂದನು.

ಅವನ ಮಾತಿನಲ್ಲಿ ಸ್ವಾರ್ಥವಿರಲಿಲ್ಲ. ದುಡಿದು ತೋರಿಸಬಲ್ಲವನು ಅವನು. ನಾನು ಒಪ್ಪಿದೆನೆಂದೇ ಅವನು ತಿಳಿದನು. ನಾನೂ ಹಾಗೆಯೇ ತಿಳಿದೆನು. ಆದರೂ ಸಭೆಯಲ್ಲಿ ಮಾತನಾಡುವವನಿಗೆ ಲೆಕ್ಕ ಗೊತ್ತಿರಬೇಕೆಂದು ಪಂಚಾಯತಿ ಕಚೇರಿಗೆ ಹೋಗಿ ಭವನದ ವಹಿಯನ್ನು ತೆಗೆಸಿ ಓದಲು ಕುಳಿತೆ.

ವಹಿಯ ಮೊದಲ ಪುಟಗಳ ತುಂಬ ಮದುವೆಗಳು. ನಮ್ಮವರ ಹೆಸರುಗಳೇ ಹೆಚ್ಚು. ಹೋಗ ಹೋಗುತ್ತ ಆ ಹೆಸರುಗಳು ವಿರಳವಾದವು. ರಸ್ತೆ ಚೆನ್ನಾದವು, ಕೈಯಲ್ಲಿ ನಾಲ್ಕು ಕಾಸು ಆಡಿತು. ಮದುವೆಗಳು ಹುಬ್ಬಳ್ಳಿಯ ಮಂಟಪಗಳಿಗೆ ಹೋದವು. ಯಾರ ಮೇಲೆ ಬೆರಳು ಮಾಡಲಿ? ನನ್ನ ಹಿರಿಯ ಮಗಳ ಅಕ್ಕಿಕಾಳು ಬಿದ್ದುದು ಈ ಭವನದಲ್ಲಿ. ಕಿರಿಯ ಮಗಳ ಮದುವೆಯನ್ನು, ಬೀಗರು ಏನೆಂದಾರು ಎಂಬ ಹಿಂಜರಿಕೆಯಿಂದ, ಹುಬ್ಬಳ್ಳಿಯಲ್ಲಿ ಮಾಡಿದೆ. ಅಂದು ಅಲ್ಲಿಯ ಬಾಡಿಗೆಗೆ ಎಣಿಸಿದ ಹಣದಲ್ಲಿ ನಮ್ಮ ಭವನದ ಅಡುಗೆಮನೆಗೆ ತಗಡು ಹೊದಿಸಬಹುದಿತ್ತು. ಭವನವು ನಷ್ಟಕ್ಕೆ ಬಿದ್ದುದರಿಂದ ನಾವು ಅದನ್ನು ಬಿಡಲಿಲ್ಲ. ನಾವು ಬಿಟ್ಟುದರಿಂದ ಅದು ನಷ್ಟಕ್ಕೆ ಬಿದ್ದಿತು.

ಕೊನೆಯ ಪುಟಗಳಲ್ಲಿ ಬೇರೆ ಹೆಸರುಗಳಿದ್ದವು. ಸ್ತ್ರೀಶಕ್ತಿ ಸಂಘದ ವಾರದ ಸಭೆ, ಮಕ್ಕಳಿಗೆ ಪೋಲಿಯೋ ಹನಿ, ಹಳ್ಳ ಏರಿದ ರಾತ್ರಿ ತಗ್ಗಿನ ಓಣಿಯವರ ವಾಸ. ಇವುಗಳ ಮುಂದೆ ‘ಉಚಿತ’ ಎಂದು ಬರೆದಿತ್ತು. ಮನೆಯ ಮುಂದೆ ಅಂಗಳವೇ ಇಲ್ಲದ ಕುಟುಂಬಗಳ ಮದುವೆಗಳೂ ಇದ್ದವು. ಅವುಗಳ ಮುಂದೆ ಅರ್ಧ ಬಾಡಿಗೆ. ಪಂಚಾಯತಿಯು ಯಾವುದನ್ನು ನಷ್ಟ ಎಂದು ಕರೆದಿತ್ತೋ ಅದರ ಬಹುಭಾಗ ಈ ಪುಟಗಳಲ್ಲಿಯೇ ಇತ್ತು.

ಹಿಂದಿನ ವರ್ಷ ಅರ್ಧ ಬಾಡಿಗೆ ಕಟ್ಟಿ ಮಗನ ಮದುವೆ ಮಾಡಿದ ತಾಯಿಯೊಬ್ಬಳು ದಾರಿಯಲ್ಲಿ ಸಿಕ್ಕಳು. ಆ ಹುಡುಗ ನನ್ನ ವಿದ್ಯಾರ್ಥಿ. ತಂದೆ ಚರ್ಮದ ಕಾಯಕ ಮಾಡಿದವನು. ಟ್ರಸ್ಟಿನ ವಿಚಾರವನ್ನು ತಿಳಿಸಿ, ಹೊಸ ಮಂಟಪವನ್ನು ಎಲ್ಲರಿಗೂ ಕೊಡುತ್ತೇವೆಂದು ಹೇಳಿದೆ. ಆಕೆ ಸೆರಗು ಸರಿಪಡಿಸಿಕೊಂಡು ಮೆಲ್ಲಗೆ ನುಡಿದಳು:

“ಕೊಡ್ತೀರಿ ಮಾಸ್ತರ್ರ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಈಗ ರೊಕ್ಕ ಕಟ್ಟಿದ್ರ ಕೀಲಿಕೈ ಕೈಗೆ ಬರತೈತ್ರಿ. ನಾಳೆ ನಿಮ್ಮ ಮನಿ ಮುಂದ ಬಂದು ಕೈ ಮುಗದು ಕೇಳಬೇಕಾಗತೈತಿ. ಕೊಟ್ರೂ ಅದು ನಿಮ್ಮ ಉಪಕಾರ ಆಗತೈತ್ರಿ.”

ಆ ರಾತ್ರಿ ನಿದ್ರೆ ಬರಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪವನ್ನು ಕುರಿತು ವರ್ಷ ವರ್ಷವೂ ಮಕ್ಕಳಿಗೆ ಪಾಠ ಹೇಳಿದವನು ನಾನು. ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಇವರ ಹೆಸರುಗಳನ್ನು ಆದರದಿಂದ ಬಾಯಿಪಾಠ ಮಾಡಿಸಿದವನು. ಅವರೆಲ್ಲ ಯಾರದೋ ಉಪಕಾರದಿಂದ ಶರಣರ ನಡುವೆ ಕುಳಿತವರಲ್ಲ. ಅಲ್ಲಿ ಕುಳಿತುಕೊಳ್ಳುವುದು ಅವರದೇ ಅಧಿಕಾರವಾಗಿತ್ತು. ನಾವು ಶ್ರದ್ಧೆಯಿಂದ ಭವನವನ್ನು ಚೆಂದ ಮಾಡಬಹುದು. ಆದರೆ ಊರಿನದಾಗಿದ್ದ ಕೀಲಿಕೈ ನಮ್ಮದಾದ ಗಳಿಗೆಯಲ್ಲಿಯೇ ಉಳಿದವರು ಮತ್ತೆ ಮೆಟ್ಟಿಲ ಕೆಳಗೆ ನಿಲ್ಲುವರು.

ಹಾಗೆಂದು ಕೀಲಿ ಜಡಿದ ಭವನವನ್ನು ‘ಸಾರ್ವಜನಿಕ’ ಎಂದು ಹೇಳಿಕೊಂಡು ಕೂತರೂ ಪ್ರಯೋಜನವಿಲ್ಲ. ಜಾಗವನ್ನು ಜೀವಂತ ಇಡುವುದು ಯಾವುದು? ಕುಂದಗೋಳದ ನಾಡಿಗೇರ ವಾಡೆ ನೆನಪಾಯಿತು. ಸವಾಯಿ ಗಂಧರ್ವರು (1886–1952) ಬಾಳಿದ ಊರದು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಅವರಲ್ಲಿ ಕಲಿತರು, ಭೀಮಸೇನ ಜೋಶಿಯವರು ಅಲ್ಲಿಯೇ ಇದ್ದು ಕಲಿತರು. ಗಂಧರ್ವರ ಪುಣ್ಯಸ್ಮರಣೆಯ ಸಂಗೀತ ಆ ವಾಡೆಯಲ್ಲಿ ನಡೆಯುತ್ತ ಬಂದುದು ಕಟ್ಟಡದ ವೈಭವದಿಂದಲ್ಲ. ತಪ್ಪದೆ ಬಂದು ಕುಳಿತುಕೊಳ್ಳುವವರಿದ್ದರು, ತಪ್ಪದೆ ಬಾಗಿಲು ತೆರೆಯುವವರಿದ್ದರು. ವಾಡೆ ಒಂದು ಮನೆತನದ್ದು. ಅದಕ್ಕೆ ಬಾಗಿಲು ತೆರೆಯುವವರು ಹುಟ್ಟಿನಿಂದಲೇ ಇದ್ದರು. ಊರಿನ ಭವನಕ್ಕೆ ಅವರನ್ನು ಊರೇ ನೇಮಿಸಬೇಕು.

ದೂರದ ಇಂಗ್ಲೆಂಡಿನಲ್ಲಿಯೂ ಸ್ಥಳೀಯ ಸಂಸ್ಥೆಗಳ ಸಭಾಗೃಹಗಳಿಗೆ ಇಂಥ ಕಷ್ಟವೇ ಬಂದಿದೆ. ಅಲ್ಲಿ 2011ರ ಕಾಯ್ದೆಯೊಂದು ಊರಿನವರು ತಮಗೆ ಬೇಕಾದ ಸ್ಥಳವನ್ನು ಸಮುದಾಯದ ಬೆಲೆಯುಳ್ಳ ಆಸ್ತಿ ಎಂದು ಪಟ್ಟಿಗೆ ಸೇರಿಸಲು ಅವಕಾಶ ಕೊಟ್ಟಿತು. ಅಂಥ ಸ್ಥಳವನ್ನು ಮಾರಲು ಹೊರಟಾಗ ಊರವರು ಮುಂದೆ ಬಂದರೆ, ಹಣ ಹೊಂದಿಸಲು ಅವರಿಗೆ ಆರು ತಿಂಗಳ ಕಾಲಾವಕಾಶವನ್ನು ಆ ಕಾಯ್ದೆ ಕೊಟ್ಟಿತು. ಆ ಕಾಯ್ದೆ ನಮಗಿಲ್ಲ. ಆದರೆ ಮಾರುವ ಮುನ್ನ ಊರಿಗೊಂದು ಅವಧಿ ಕೊಡಬೇಕೆಂಬ ವಿವೇಕಕ್ಕೆ ಕಾಯ್ದೆಯೇ ಬೇಕೇ?

ಗ್ರಾಮಸಭೆಯ ದಿನ ತಮ್ಮನು ಮುಂದಿನ ಸಾಲಿನಲ್ಲಿ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದನು. ನಾನು ಎದ್ದು ವಹಿಯ ಲೆಕ್ಕ ಓದಿದೆ. ನನ್ನ ಕಿರಿಯ ಮಗಳ ಮದುವೆಯ ಸಂಗತಿಯನ್ನೂ ಮುಚ್ಚಿಡಲಿಲ್ಲ. ಬಳಿಕ, ಭವನ ಪಂಚಾಯತಿಯದಾಗಿಯೇ ಉಳಿಯಲಿ, ನಮ್ಮ ಸಮಾಜಕ್ಕೂ ಬೇಡ, ವ್ಯಾಪಾರಿಗೂ ಬೇಡ ಎಂದೆ. ಎಲ್ಲ ಓಣಿಗಳವರೂ ಸ್ತ್ರೀಶಕ್ತಿ ಸಂಘದವರೂ ಇರುವ ಸಮಿತಿ ಅದನ್ನು ನಡೆಸಲಿ. ಉಳ್ಳವರಿಗೆ ಪೂರ್ಣ ಬಾಡಿಗೆ, ಇಲ್ಲದವರಿಗೆ ಅರ್ಧ. ರಸ್ತೆಯ ಕಡೆಯ ಎರಡು ಕೋಣೆಗಳನ್ನು ಮಾತ್ರ ಬಹಿರಂಗ ಹರಾಜಿನಲ್ಲಿ ಬಾಡಿಗೆಗೆ ಕೊಟ್ಟು ಆ ಹಣವನ್ನು ದುರಸ್ತಿಗೇ ಇಡಲಿ. ಜಮಾಖರ್ಚನ್ನು ಪ್ರತಿ ತಿಂಗಳು ಬಾಗಿಲ ಮೇಲೆ ಹಚ್ಚಲಿ. ಎರಡು ವರ್ಷ ಹೀಗೆ ನಡೆಸಿಯೂ ಊರು ಅದನ್ನು ಬಳಸದಿದ್ದರೆ ಆಗ ಬೇರೆ ಮಾತು.

ಬಹಳ ಹೊತ್ತು ವಾದ ನಡೆಯಿತು. ಕಡೆಗೆ ಆ ಪ್ರಕಾರವೇ ಠರಾವಾಯಿತು. ತಮ್ಮನು ಮಾತಾಡದೆ ಎದ್ದು ಹೋದನು. ಯುಗಾದಿಯ ದಿನ ನಮ್ಮ ಮನೆಗೆ ಬೇವು-ಬೆಲ್ಲಕ್ಕೂ ಬರಲಿಲ್ಲ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನ ಮೌನ ಎಷ್ಟು ಭಾರವೆಂಬುದನ್ನು ಆ ತಿಂಗಳುಗಳಲ್ಲಿ ಅರಿತೆನು.

ಶ್ರಾವಣದಲ್ಲಿ ನಮ್ಮ ತಂದೆಯವರ ಸ್ಮರಣೆಯ ಗಣಾರಾಧನೆಯನ್ನು ಭವನದಲ್ಲಿಯೇ ಇಟ್ಟೆ. ಪೂರ್ಣ ಬಾಡಿಗೆ ಕಟ್ಟಿದೆ. ಕೀಲಿಕೈ ಈಗ ಸಂಘದ ಹೆಣ್ಣುಮಗಳೊಬ್ಬಳ ಮನೆಯಲ್ಲಿರುತ್ತದೆ. ಆಕೆ ವಹಿಯಲ್ಲಿ ನನ್ನಿಂದ ಸಹಿ ಮಾಡಿಸಿಕೊಂಡ ಬಳಿಕವೇ ಅದನ್ನು ಕೊಟ್ಟಳು. ಪಂಕ್ತಿ ಕೂಡುವ ವೇಳೆಗೆ ತಮ್ಮನು ಬಂದನು. ನನ್ನೊಡನೆ ಮಾತಾಡಲಿಲ್ಲ. ಪಡುವಣ ಗೋಡೆಯ ಬಿರುಕನ್ನು ಕೈಯಿಂದ ಮುಟ್ಟಿ ನೋಡಿ, ಗೌಂಡಿಯನ್ನು ಯಾವಾಗ ಕರೆಸುತ್ತೀರೆಂದು ಸಮಿತಿಯವರನ್ನು ಕೇಳಿದನು; ಆಮೇಲೆ ನೀರಿನ ತಂಬಿಗೆ ಎತ್ತಿಕೊಂಡು ಬಡಿಸುವವರ ಜೊತೆ ನಿಂತನು.

ಭವನದ ನಷ್ಟ ಇನ್ನೂ ನಿಂತಿಲ್ಲ. ಆದರೆ ಎಷ್ಟು ನಷ್ಟ, ಯಾರಿಗಾಗಿ ನಷ್ಟ ಎಂಬುದು ಬಾಗಿಲ ಮೇಲೆ ಹಚ್ಚಿದ ಕಾಗದದಲ್ಲಿ ಊರಿಗೆಲ್ಲ ಕಾಣುತ್ತದೆ. ಓದುಗ ಬಂಧುಗಳ ಊರಿನಲ್ಲಿಯೂ ಇಂಥದೊಂದು ಭವನವಿದ್ದರೆ, ಅದರ ವಿಲೇವಾರಿಗೆ ಕೈ ಎತ್ತುವ ಮುನ್ನ ಒಮ್ಮೆ ಅದರ ವಹಿಯನ್ನು ತೆರೆದು ಓದಬೇಕೆಂದು ಪ್ರಾರ್ಥಿಸುತ್ತೇನೆ. ನಮ್ಮ ಹೆಸರು ಅದರಲ್ಲಿ ಕೊನೆಯದಾಗಿ ಬಂದುದು ಯಾವ ವರ್ಷ ಎಂಬುದನ್ನು ಮೊದಲು ನೋಡಿಕೊಳ್ಳೋಣ.