ಕೊಳದ ಗೋಡೆ ಎಷ್ಟೆತ್ತರ?

ಮಧುಚಂದ್ರ ಎಂಬ ಶಬ್ದವನ್ನು ನಾನು ಕಲಿತದ್ದು ವಾರಪತ್ರಿಕೆಗಳ ಧಾರಾವಾಹಿಗಳಿಂದ. ಅವುಗಳ ನಾಯಕ ನಾಯಕಿಯರು ಊಟಿಗೋ ಕಾಶ್ಮೀರಕ್ಕೋ ಹೋಗುತ್ತಿದ್ದರು. ನಮ್ಮ ಕಡೆ ಮದುವೆಯಾದವರು ಹೋಗುತ್ತಿದ್ದುದು ಮಾವನ ಮನೆಗೆ, ಅಲ್ಲಿಂದ ಚಿಕ್ಕಮ್ಮನ ಮನೆಗೆ, ಅಲ್ಲಿಂದ ದೊಡ್ಡಪ್ಪನ ಮನೆಗೆ. ಎಲ್ಲ ಕಡೆಯೂ ಎರಡು ಬಗೆಯ ಪಾಯಸ. ಮಲೆಯಾಳದವರು ಇದನ್ನು ‘ವಿರುನ್ನು’ ಎನ್ನುತ್ತಾರೆ. ಹೆಸರು ಬೇರೆಯಾದರೂ ಹೊಟ್ಟೆಯ ಉಪದ್ರ ಒಂದೇ. 2008ರಲ್ಲಿ ಮದುವೆಯಾದಾಗ ನಾನೂ ನನ್ನವಳೂ ಬೇಕಲ ಕೋಟೆಗೆ ಹೋಗಿದ್ದೆವು. ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ಹಾಡು 1995ರಲ್ಲಿ ಆ ಕೋಟೆಯನ್ನು ದೇಶಕ್ಕೆಲ್ಲ ತೋರಿಸಿದ ಮೇಲೆ ನಮ್ಮ ಜಿಲ್ಲೆಯ ಹೊಸ ಜೋಡಿಗಳಿಗೆ ಅದೇ ಊಟಿ, ಅದೇ ಕಾಶ್ಮೀರ. ಜೀಪಿನಲ್ಲಿ ನಮ್ಮೊಡನೆ ಇನ್ನೂ ಏಳು ಮಂದಿ ಇದ್ದರು. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದ್ದೆವು.

ಇಂಥವನ ಕೈಗೆ 2025ರಲ್ಲಿ ಒಂದು ಕೆಲಸ ಬಂತು. ಮಾಲ್ಡೀವ್ಸ್ ದ್ವೀಪಗಳಲ್ಲಿ ಖಾಸಗಿ ಕೊಳವಿರುವ ಒಂದು ಕೋಣೆಯನ್ನು ಆರಿಸಿಕೊಡಬೇಕು.

ಹೋಗುವವಳು ನನ್ನ ಅಕ್ಕನ ಮಗಳು. ಭಾವ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ. ಅಕ್ಕ ಅವಳನ್ನು ಕರೆದುಕೊಂಡು ತವರಿಗೆ ಬಂದಳು. ಹುಡುಗಿ ನಮ್ಮ ಮನೆಯಲ್ಲೇ ಬೆಳೆದಳು. ಈಗ ಬೆಂಗಳೂರಿನಲ್ಲಿ ಕೆಲಸ. ಮದುವೆಗೆ ಸೋದರಮಾವನ ಲೆಕ್ಕದಲ್ಲಿ ಎರಡು ಪವನು ಹಾಕಬೇಕೆಂದು ನಾನು ಗ್ರಹಿಸಿದ್ದೆ. ಅಕ್ಟೋಬರಿನಲ್ಲಿ ಪವನಿಗೆ 90 ಸಾವಿರ ದಾಟಿತು. ಅವಳೇ ಫೋನ್ ಮಾಡಿ, “ಮಾವ, ನನಗೆ ಚಿನ್ನ ಬೇಡ. ಆ ಹಣದಲ್ಲಿ ನಾವು ಎಲ್ಲಿಗಾದರೂ ಹೋಗಿಬರುತ್ತೇವೆ” ಎಂದಳು. ಅಕ್ಕನಿಗೆ ಇದು ಸರಿ ಕಾಣಲಿಲ್ಲ. “ಚಿನ್ನ ಕಪಾಟಿನಲ್ಲಿ ಉಳಿಯುತ್ತದೆ, ಇದು ನಾಲ್ಕು ದಿನದ್ದು” ಎಂದು ನನ್ನೊಡನೆ ಹೇಳಿದಳು. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷದಿಂದ ಅಡವಿನ ಚಿನ್ನ ತೂಗುವುದನ್ನು ನೋಡುತ್ತಿರುವ ನನಗೆ ಚಿನ್ನ ಕಪಾಟಿನಲ್ಲಿ ಎಷ್ಟು ದಿನ ಉಳಿಯುತ್ತದೆಂಬುದು ಗೊತ್ತುಂಟು. ಒಪ್ಪಿಕೊಂಡೆ.

ಜಾಗ ಆರಿಸುವ ಕೆಲಸ ನನಗೇ ಬಂದದ್ದಕ್ಕೆ ಕಾರಣ ಒಂದೇ. ಮನೆಯಲ್ಲಿ ಯಾವ ಕಾಗದದ ಸಣ್ಣ ಅಕ್ಷರಗಳನ್ನೂ ಕೊನೆಯ ತನಕ ಓದುವವನು ನಾನೊಬ್ಬನೇ. ಸೋದರಮಾವನಾದವನು ಸೊಸೆಯ ಮಧುಚಂದ್ರದ ಕೋಣೆ ನೋಡುವುದೆಂದರೆ ಸಂಕೋಚದ ಸಂಗತಿ. ಅದಕ್ಕೆ ನಾನು ಕೊನೆಯ ವರೆಗೂ ‘ಪ್ರವಾಸ’ ಎಂದೇ ಹೇಳುತ್ತಿದ್ದೆ. ಆ ಮಳೆಗಾಲದ ಕೊನೆಯ ವಾರಗಳಲ್ಲಿ, ಶಾಖೆಯಿಂದ ಬಂದು ಕಾಫಿ ಕುಡಿದ ಮೇಲೆ ಹೆಂಡತಿಯ ಮೊಬೈಲನ್ನೂ ನನ್ನದನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದು ನೋಟುಪುಸ್ತಕದಲ್ಲಿ ಗೆರೆ ಎಳೆದು ಬರೆಯತೊಡಗಿದೆ.

ಅಲ್ಲಿನ ಪದ್ಧತಿ ಹೀಗೆ: ಹವಳದ ದ್ವೀಪಗಳು 1,200ರಷ್ಟು; ಒಂದು ದ್ವೀಪಕ್ಕೆ ಒಂದೇ ರೆಸಾರ್ಟು. ಮೊದಲನೆಯದಾದ ಕುರುಂಬಾ ಶುರುವಾದದ್ದು 1972ರಲ್ಲಿ. ಒಂದು ದ್ವೀಪಕ್ಕೆ ಇಳಿದರೆ ಊಟ, ನೀರು, ತಲೆನೋವಿನ ಮಾತ್ರೆ ಎಲ್ಲವೂ ಆ ಒಬ್ಬನೇ ಧಣಿಯಿಂದ; ಎದುರು ಅಂಗಡಿ ಎಂಬುದಿಲ್ಲ. ಆದ್ದರಿಂದ ಕೋಣೆಯ ಬಾಡಿಗೆಗಿಂತ ಅದರ ಜತೆ ಏನೇನು ಸೇರಿದೆ ಎಂಬುದೇ ಮುಖ್ಯ. ಬರೇ ತಿಂಡಿಯೋ, ತಿಂಡಿಯೂ ರಾತ್ರಿಯೂಟವೂ ಮಾತ್ರವೋ, ಮೂರು ಹೊತ್ತೋ ಎಂದು ನೋಡಿಕೊಳ್ಳಬೇಕು.

ಇನ್ನು ಬೆಲೆ. ಒಂದು ಕಡೆ ರಾತ್ರಿಗೆ 400 ಡಾಲರ್ ಎಂದಿತ್ತು, ಪಕ್ಕದಲ್ಲಿ ಎರಡು ಕೂಡಿಸುವ ಚಿಹ್ನೆಗಳು. ಬಡ್ಡಿ ದರದ ಪಕ್ಕ ನಕ್ಷತ್ರದ ಗುರುತು ಇದ್ದರೆ ನಾವು ಹೇಗೆ ಎಚ್ಚರವಾಗುತ್ತೇವೋ ಹಾಗೆ ಎಚ್ಚರವಾದೆ. ಮೊದಲು ಹತ್ತು ಶೇಕಡಾ ಸೇವಾಶುಲ್ಕ: 440. ಅದರ ಮೇಲೆ 2025ರ ಜುಲೈಯಿಂದ 17 ಶೇಕಡಾ ಆದ ಅಲ್ಲಿನ ಪ್ರವಾಸೋದ್ಯಮ ತೆರಿಗೆ: 514 ಡಾಲರ್ 80 ಸೆಂಟು. ಹಸಿರು ತೆರಿಗೆ ಎಂದು ತಲೆಗೆ ದಿನಕ್ಕೆ 12 ಡಾಲರ್. 2025ಕ್ಕೆ ಮುಂಚೆ ಅದು ಆರು ಇತ್ತು. ಇಬ್ಬರಿಗೆ 24. ಒಟ್ಟು ಸುಮಾರು 539. ನಾಲ್ಕು ನೂರೆಂದು ಹೊರಟದ್ದು ನೋಡುತ್ತಿದ್ದಂತೆ ಐದು ನೂರು ದಾಟಿತು. ಆಮೇಲೆ ದಾರಿಖರ್ಚು. ಮಾಲೆಯ ವಿಮಾನ ನಿಲ್ದಾಣದಿಂದ ದೂರದ ದ್ವೀಪಗಳಿಗೆ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ; ನಮಗೆ ಬಂದ ಲೆಕ್ಕದಲ್ಲಿ ಇಬ್ಬರಿಗೆ ಹೋಗಿಬರಲು 900 ಡಾಲರ್. ಅದೂ ಹಗಲಲ್ಲಿ ಮಾತ್ರ ಹಾರುತ್ತದೆ. ಬೆಂಗಳೂರಿನಿಂದ ಎರಡು ಗಂಟೆಯ ಹಾದಿಯಾದರೂ ಇಳಿಯುವುದು ಸಂಜೆಯಾದರೆ ಆ ರಾತ್ರಿ ಮಾಲೆಯಲ್ಲೇ ಕಳೆಯಬೇಕು. ಮೋಟಾರು ದೋಣಿಯಲ್ಲಿ ಮುಟ್ಟುವಷ್ಟು ಹತ್ತಿರದ್ದಾದರೆ 300ರಲ್ಲಿ ಮುಗಿಯುತ್ತದೆ. ದೂರದವುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಕ್ರಿಸ್ಮಸ್ಸಿನ ಹೊತ್ತಿಗೆ ದರ ಮತ್ತೂ ಏರುವುದರಿಂದ ಡಿಸೆಂಬರಿನ ಮೊದಲ ವಾರ ಎಂದು ಬರೆದೆ.

ನನಗೆ ಅರ್ಥವಾಗದೆ ಉಳಿದದ್ದು ಆ ಕೊಳ. ಸುತ್ತ ಸಮುದ್ರ, ಅದರ ನಡುವೆ ಕೋಣೆ, ಕೋಣೆಯ ಎದುರು ನಾಲ್ಕಾಳು ಮಲಗುವಷ್ಟು ಒಂದು ಕೊಳ. ಅದಿಲ್ಲದ ಕೋಣೆಗೆ ನೂರು ಡಾಲರಿಗಿಂತ ಹೆಚ್ಚು ಕಡಿಮೆ. ಆ ದ್ವೀಪಗಳಲ್ಲಿ ಹೊಳೆಯಿಲ್ಲ, ಗುಡ್ಡವಿಲ್ಲ. ಸಿಹಿನೀರು ಬೇಕಾದರೆ ಡೀಸೆಲ್ ಉರಿಸಿ ಸಮುದ್ರದ ಉಪ್ಪು ತೆಗೆಯಬೇಕು. 2014ರ ಡಿಸೆಂಬರಿನಲ್ಲಿ ಮಾಲೆಯ ಯಂತ್ರ ಕೆಟ್ಟಾಗ ನಮ್ಮ ದೇಶದಿಂದ ವಿಮಾನ ಹಡಗುಗಳಲ್ಲಿ ಕುಡಿಯುವ ನೀರು ಹೋಗಿತ್ತು. ಅಂಥಲ್ಲಿ ಜೋಡಿಗೊಂದು ಕೊಳವೆಂದರೆ ನನಗೆ ಅಹಂಕಾರವೆಂದೇ ತೋರಿತು.

ಮದುವೆ ಕರೆಯಲು ಹೋದಲ್ಲಿ ಒಬ್ಬ ಹಿರಿಯರು, “ಲಕ್ಷದ್ವೀಪ ಇಲ್ಲವೇ? ಒಂದು ಕಾಲದಲ್ಲಿ ನಾವೂ ಅವರೂ ಒಂದೇ ಜಿಲ್ಲೆಯವರು” ಎಂದರು. ನಿಜವೇ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದು ದ್ವೀಪಗಳು ನಮ್ಮ ಕಾಸರಗೋಡಿನ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ತೆಂಗಿನ ನಾರಿನ ಹುರಿ ಹೇರಿಕೊಂಡು ಅವರ ಓಡಗಳು ಮಂಗಳೂರಿಗೆ ಬರುತ್ತಿದ್ದವು. 1956ರ ನವೆಂಬರ್ 1ರಂದು ಅವರು ದಿಲ್ಲಿಗೆ, ನಾವು ತಿರುವನಂತಪುರಕ್ಕೆ. ಒಂದೇ ದಿನ ಒಂದೇ ಮನೆಯಿಂದ ಪಾಲಾಗಿ ಹೋದವರು. ಆ ಮಾತಿಗೆ ಮನಸ್ಸು ಸೋತು ಅಲ್ಲಿಯದನ್ನೂ ವಿಚಾರಿಸಿದೆ. ಪರವಾನಿಗೆ ಬೇಕು, ಅದು ದೊಡ್ಡ ಮಾತಲ್ಲ. ಆದರೆ ನನಗೆ ಸಿಕ್ಕಿದ ಪಟ್ಟಿಯಲ್ಲಿ ಖಾಸಗಿ ಕೊಳವಿರುವ ಕೋಣೆ ಒಂದೂ ಇರಲಿಲ್ಲ. ಸೊಸೆಗೆ ಫೋನ್ ಮಾಡಿ, “ಸಮುದ್ರವೇ ಇರುವಾಗ ಕೊಳ ಯಾಕೆ ಮಗಾ? ಗಂಗೆಯ ದಡದಲ್ಲಿ ಬಾವಿ ತೋಡಿದ ಹಾಗೆ” ಎಂದು ನನ್ನ ಜಾಣತನ ತೋರಿಸಿದೆ.

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮಾವ, ನಾನು ಟಾಂಕಿಗೆ ಇಳಿಯದೆ ಎಷ್ಟು ವರ್ಷ ಆಯಿತು ಗೊತ್ತುಂಟಾ?” ಎಂದು ಕೇಳಿದಳು.

ನಮ್ಮ ಮನೆ ಬಾಯಾರು ಕಡೆಯ ಗುಡ್ಡದ ಮಗ್ಗುಲಲ್ಲಿ. ನೀರು ಸುರಂಗದ್ದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ಬೆರಳು ಗಾತ್ರದಲ್ಲಿ ತಾನಾಗಿ ಹರಿದುಬಂದು ಕೆಳಗಿನ ಟಾಂಕಿಗೆ ಬೀಳುತ್ತದೆ. ಅಲ್ಲಿಂದ ಅಡಿಕೆ ತೋಟಕ್ಕೆ. ಹಗಲೆಲ್ಲ ಅದರಲ್ಲಿ ಮಕ್ಕಳ ಗದ್ದಲ. ಈ ಹುಡುಗಿಯ ಸೊಂಟಕ್ಕೆ ಎರಡು ಒಣಕಾಯಿ ಕಟ್ಟಿ ಈಜು ಕಲಿಸಿದವನು ನಾನೇ. ಆರನೇ ವರ್ಷಕ್ಕೆ ಕಾಯಿ ಬಿಚ್ಚಿ ಎಸೆದು ಮೀನಿನ ಹಾಗೆ ಹೋದಳು. ಹತ್ತನೇ ವರ್ಷದಲ್ಲಿ, 2008ರ ಮಳೆಗಾಲ, ಬಚ್ಚಲಲ್ಲಿ ಕಾಲು ಜಾರಿದವಳ ಮೇಲೆ ಹಂಡೆಯ ಬಿಸಿನೀರು ಬಿತ್ತು. ಬೆನ್ನು, ಎಡ ಹೆಗಲು, ತೋಳು. ಎರಡು ತಿಂಗಳು ಆಸ್ಪತ್ರೆ. ಜೀವ ಉಳಿಯಿತು, ಕಲೆಯೂ ಉಳಿಯಿತು. ಗಾಯ ಮಾಗಿದ ಮೇಲೆ ಅವಳು ಮೊದಲು ಕೇಳಿದ್ದು ಟಾಂಕಿಗೆ ಇಳಿಯಬಹುದಾ ಎಂದು. ಇಳಿದಳು ಸಹ.

“ಹದಿನೈದು ವರ್ಷ” ಎಂದೆ ನಾನು.

“ಅವರಿಗೆ ಎಲ್ಲ ಹೇಳಿದ್ದೇನೆ. ಏನೂ ಇಲ್ಲ ಎಂದಿದ್ದಾರೆ. ಆದರೆ ಸಮುದ್ರದಲ್ಲಿ ಬೇರೆಯವರಿರುತ್ತಾರಲ್ಲ. ಯಾರೂ ನೋಡದ ಒಂದು ಟಾಂಕಿ ಸಾಕು ಮಾವ ನನಗೆ, ದ್ವೀಪ ಯಾವುದಾದರೂ ಆದೀತು.”

ಇಷ್ಟನ್ನು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಷ್ಟೇ ಹೇಳಿದ್ದಾಳೆ. ಕೇಳದೆ ಬರೆಯುವುದು ಇನ್ನು ಮುಂದಿನದು. 2010ರಲ್ಲಿ ನನ್ನ ಮಗನ ನಾಮಕರಣದ ದಿನ ನೆಂಟರೆಲ್ಲ ತೋಟದ ದಾರಿಯಿಂದ ಬರುತ್ತಿದ್ದರು. ಇವಳು ಟಾಂಕಿಯ ಕಟ್ಟೆಯ ಮೇಲೆ ಒದ್ದೆಯಾಗಿ ಕೂತಿದ್ದಳು. ನಾನು ಬಗ್ಗಿ, ಮೆಲ್ಲಗೆ, “ಬೇಗ ಅಂಗಿ ಹಾಕಿಕೊ, ಜನ ನೋಡುತ್ತಾರೆ” ಎಂದೆ. ಬೈದದ್ದಲ್ಲ. ಅವಳಿಗೆ ಬೇಸರವಾಗಬಾರದೆಂದೇ ಹೇಳಿದ್ದು. ಅವಳು ಅಂಗಿ ಹಾಕಿಕೊಂಡು ಒಳಗೆ ಹೋದಳು. ಮರುದಿನ ಟಾಂಕಿಗೆ ಬರಲಿಲ್ಲ. ಪರೀಕ್ಷೆ ಹತ್ತಿರ ಬಂತು ಎಂದು ಎಲ್ಲರೂ ತಿಳಿದೆವು. ಮತ್ತೆ ಬರಲೇ ಇಲ್ಲ. ಆ ಮಾತು ಯಾರದೆಂದು ಅವಳಿಗೆ ನೆನಪುಂಟೋ ಇಲ್ಲವೋ ನಾನು ಕೇಳಿಲ್ಲ.

ಅಂದಿನಿಂದ ನನ್ನ ನೋಟುಪುಸ್ತಕದಲ್ಲಿ ಹೊಸದೊಂದು ಸಾಲು ಬಂತು: ಕೊಳ ಯಾರಿಗೆ ಕಾಣುತ್ತದೆ? ಬೆಲೆಯ ಲೆಕ್ಕಕ್ಕಿಂತ ಇದು ಕಷ್ಟದ್ದು. ಚಿತ್ರಗಳಲ್ಲಿ ಎಲ್ಲ ಕೊಳಗಳೂ ಒಂಟಿಯೇ. ನಾಲ್ಕು ಚಿತ್ರ ಹಿಗ್ಗಿಸಿ ನೋಡಿದರೆ ಮೂಲೆಯಲ್ಲಿ ಪಕ್ಕದ ಮನೆಯ ಜಗಲಿ. ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಕೋಣೆಗಳೇ ಹೆಚ್ಚು ಬೆಲೆಯವು, ಹೆಚ್ಚು ಹೆಸರಿನವು. ಆದರೆ ಅಲ್ಲಿ ಕೊಳದ ಎದುರು ಗೋಡೆಯಿಲ್ಲ. ದೋಣಿಯಲ್ಲಿ ಹೋಗುವವರಿಗೆ, ಮುಖಕ್ಕೆ ಕನ್ನಡಿ ಕಟ್ಟಿಕೊಂಡು ಹವಳ ನೋಡಲು ಈಜುವವರಿಗೆ ಎಲ್ಲವೂ ಬಟಾಬಯಲು. ದಡದ ಮೇಲಿನ ಕೋಣೆ ಬೆಲೆಯಲ್ಲೂ ಕಡಿಮೆ, ಸುತ್ತ ಗಿಡಗಳ ಮರೆಯೂ ಇರುತ್ತದೆ. ಖಾಸಗಿ ಎಂಬ ಶಬ್ದಕ್ಕೆ ಅಲ್ಲಿಯವರ ಅರ್ಥ ಬೇರೆ: ಕೊಳ ನಿಮ್ಮದು, ಇನ್ನೊಬ್ಬರು ಇಳಿಯುವುದಿಲ್ಲ, ಅಷ್ಟೇ. ಇನ್ನೊಬ್ಬರು ನೋಡುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ಮೂರು ಕಡೆಗೆ ಇಮೇಲ್ ಬರೆದು, ಗೋಡೆ ಎಷ್ಟೆತ್ತರ, ಗಿಡ ಯಾವುದು, ಕಾಲುದಾರಿ ಎಷ್ಟು ದೂರ ಎಂದು ಕೇಳಿದೆ. ಇಬ್ಬರು ಮಧುಚಂದ್ರದವರಿಗೆ ಕೇಕು ಕೊಡುತ್ತೇವೆ, ಹಾಸಿಗೆಯ ಮೇಲೆ ಹೂ ಹಾಸುತ್ತೇವೆ, ವಿವಾಹದ ಸರ್ಟಿಫಿಕೇಟು ಕಳಿಸಿ ಎಂದು ಉತ್ತರಿಸಿದರು. ಇನ್ನೊಬ್ಬರ ಉತ್ತರವೇ ಬರಲಿಲ್ಲ.

ದಾರಿ ಸಿಕ್ಕಿದ್ದು ಶಾಖೆಯ ಕೌಂಟರಿನಲ್ಲಿ. ತಿಂಗಳಿಗೊಮ್ಮೆ ಪಾಸ್‌ಬುಕ್ ಬರೆಸಲು ಬರುವ ಒಬ್ಬರು ವಯಸ್ಸಾದ ಗಿರಾಕಿ ಇದ್ದಾರೆ, ಮಲೆಯಾಳದವರು. ಮಗ ‘ಮಾಲಿಯಲ್ಲಿ’ ಇದ್ದಾನೆಂದು ಹಿಂದೆಯೇ ಹೇಳಿದ್ದರು. ನಾನು ಗಮನ ಕೊಟ್ಟಿರಲಿಲ್ಲ. ಆ ದಿನ ಯಾಕೋ ಕೇಳಿದೆ, ಏನು ಕೆಲಸ ಎಂದು. ಕೊಳ ತೊಳೆಯುವ ಕೆಲಸ ಎಂದರು. ಸಾಲಿನಲ್ಲಿ ಹಿಂದೆ ಜನ ನಿಂತಿದ್ದರೂ ನಾನು ಎದ್ದು ಹೊರಗೆ ಬಂದು ಅವರನ್ನು ಬೆಂಚಿನ ಮೇಲೆ ಕೂರಿಸಿದೆ. ನನ್ನ ಮಲೆಯಾಳಂ ಶಾಲೆಯಲ್ಲಿ ಕಲಿತದ್ದಲ್ಲ, ಬಸ್ಸಿನಲ್ಲಿ ಕಲಿತದ್ದು, ಅರ್ಧಕ್ಕೆ ಕನ್ನಡವಾಗುತ್ತದೆ. ಹೇಗೋ ವಿಷಯ ತಿಳಿಸಿದೆ. ಕಲೆಯ ಮಾತು ಹೇಳಲಿಲ್ಲ. ಹುಡುಗಿಗೆ ನಾಚಿಕೆ ಎಂದೆ. ಅವರು ಹೆಚ್ಚು ಕೇಳಲಿಲ್ಲ. “ನಮ್ಮ ಮನೆಯ ಹೆಣ್ಣುಮಕ್ಕಳೂ ಹಾಗೆಯೇ ಸಾರ್” ಎಂದು ಮಗನ ನಂಬರು ಕೊಟ್ಟರು.

ಆ ಹುಡುಗ ರಾತ್ರಿ ಹನ್ನೊಂದಕ್ಕೆ, ಕೆಲಸ ಮುಗಿಸಿ ಫೋನ್ ಮಾಡಿದ. ಅವನಿರುವುದು ಮೋಟಾರು ದೋಣಿ ಮುಟ್ಟುವ ದ್ವೀಪದಲ್ಲೇ. ದಡದ ಮೇಲೆ ಕೊಳವಿರುವ ಕೋಣೆಗಳಲ್ಲಿ ಯಾವುದರ ಬೇಲಿ ತೆಳ್ಳಗೆ, ಯಾವುದಕ್ಕೆ ಮಹಡಿಯಿಂದ ನೋಟ ಬೀಳುತ್ತದೆ ಎಂದು ಅವನು ಹೇಳಿದ ಹಾಗೆ ಯಾವ ಏಜೆಂಟನೂ ಹೇಳಲಾರ. ಕೊಳದೊಳಗೆ ನಿಂತವರಿಗೆ ಏನು ಕಾಣುತ್ತದೆಂದು ಅವನಿಗೆ ಗೊತ್ತು. ದಿನಾ ಅದರಲ್ಲೇ ನಿಲ್ಲುವವನು. ಮರುದಿನ ನಾಲ್ಕು ಕಡೆಗೂ ತಿರುಗಿ ಫೋಟೋ ತೆಗೆದು ಕಳಿಸಿದ. ಮೂರು ಬದಿ ಆಳೆತ್ತರಕ್ಕಿಂತ ಮೇಲಿನ ಗೋಡೆ, ಒಂದು ಬದಿ ದಟ್ಟ ಗಿಡ. ಬೆಳಿಗ್ಗೆ ಕೊಳ ತೊಳೆಯಲು ಬರುವ ಹೊತ್ತನ್ನು ನಾವೇ ಹೇಳಬಹುದಂತೆ. “ಸಾರೇ, ಅವಿಡೆ ಆರುಂ ಕಾಣಿಲ್ಲ” ಎಂದ. ಇದಕ್ಕೆ ಅನುವಾದ ಬೇಕಾಗಲಿಲ್ಲ. ಅವನು ಹೇಳಿದ ಕೋಣೆಯ ಸಂಖ್ಯೆಯನ್ನೇ ಬರೆಸಿ ಬೆಂಗಳೂರಿನ ಏಜೆಂಟರ ಮೂಲಕ ನಾಲ್ಕು ರಾತ್ರಿಗೆ ಹಣ ಕಟ್ಟಿಸಿದೆ. ಎಲ್ಲ ಸೇರಿ ಎರಡು ಪವನಿನ ಲೆಕ್ಕವನ್ನು ಸ್ವಲ್ಪ ಮೀರಿತು. ಅದರ ಮೇಲೆ ಆದಾಯ ತೆರಿಗೆಯ ಬಾಬ್ತು ಐದು ಶೇಕಡಾ ಹಿಡಿದುಕೊಂಡರು.

ಮದುವೆ ಕಳೆದು ಅವರು ಹೋದರು. ಎರಡು ದಿನ ಸುದ್ದಿಯಿಲ್ಲ. ಅಕ್ಕ ಗಳಿಗೆಗೊಮ್ಮೆ ನನ್ನ ಮೊಬೈಲು ಕೇಳುತ್ತಿದ್ದಳು. ಫೋಟೋ ಒಂದೂ ಬರಲಿಲ್ಲ, ಒಂದು ತಟ್ಟೆ ಮೀನೂಟದ್ದು ಬಿಟ್ಟರೆ.

ಬೆಂಗಳೂರಿಗೆ ಮರಳಿದ ಮೇಲೆ ಅವಳು ಫೋನ್ ಮಾಡಿದಳು. “ಕೊಳ ಸಣ್ಣದು ಮಾವ. ನಾಲ್ಕು ಸಲ ಕೈ ಬೀಸಿದರೆ ಗೋಡೆ ಸಿಗುತ್ತದೆ. ನಮ್ಮ ಟಾಂಕಿ ಅದಕ್ಕಿಂತ ದೊಡ್ಡದು” ಎಂದಳು. ಮೊದಲ ದಿನ ಕತ್ತಲಾದ ಮೇಲೆ ಇಳಿದಳಂತೆ, ಮರುದಿನ ಬೆಳಕಿನಲ್ಲೇ. ಮೂರನೆಯ ದಿನ ಸಮುದ್ರಕ್ಕೂ ಹೋದರಂತೆ. ಅಲ್ಲಿ ಬಿಸಿಲಿಗೆ ಹೆದರಿ ಅರ್ಧ ಜನ ಉದ್ದ ಕೈಯ ಅಂಗಿ ತೊಟ್ಟೇ ನೀರಿಗೆ ಇಳಿದಿದ್ದರು. ಇವಳೂ ಒಂದು ತೊಟ್ಟುಕೊಂಡಳು. ಈಜು ಮರೆತಿರಲಿಲ್ಲ. ಉಪ್ಪುನೀರಿನಲ್ಲಿ ತೇಲುವುದು ಸುಲಭ, ಒಣಕಾಯಿ ಬೇಡ ಎಂದು ನಕ್ಕಳು.

ಆ ಹಳೆಯ ಮಾತನ್ನು ಹೇಳಿಬಿಡಲು ಅದು ಒಳ್ಳೆಯ ಹೊತ್ತಾಗಿತ್ತು. ನಾನು ಹೇಳಲಿಲ್ಲ. ಹಿಡಿದ ಐದು ಶೇಕಡಾ ವಾಪಸು ಸಿಗಬೇಕಾದರೆ ಜುಲೈಯೊಳಗೆ ರಿಟರ್ನ್ ಹಾಕಬೇಕು, ಏಜೆಂಟರಿಂದ ಚೀಟಿ ತೆಗೆದಿಟ್ಟುಕೊ ಎಂದು ಎರಡು ಸಲ ಹೇಳಿ ಫೋನಿಟ್ಟೆ.