ದ್ವೀಪದಲ್ಲೇ ಇದ್ದೀವಲ್ಲ ಮಾರಾಯ್ರೇ!

ಮೇ ರಜೆ ಹತ್ತಿರ ಬಂತೆಂದರೆ ದಹಿಸರ್‌ನ ನಮ್ಮ ಸೊಸೈಟಿಯಲ್ಲಿ ಅಂಡಮಾನ್, ಬಾಲಿ, ಮಾಲ್ಡೀವ್ಸ್ ಪ್ಯಾಕೇಜುಗಳದ್ದೇ ಮಾತು. ಅಲ್ಲ, ನಾವಿರೋದೇ ದ್ವೀಪದಲ್ಲಿ! ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಉತ್ತರಕ್ಕೆ ವಸಾಯಿ ಖಾಡಿ, ಪೂರ್ವಕ್ಕೆ ಠಾಣೆ ಖಾಡಿ. ನಡುವೆ ಇರೋದು ಸಾಷ್ಟಿ, ಅಂದರೆ ಸಾಲ್ಸೆಟ್ ದ್ವೀಪ. ವಿರಾರ್ ಲೋಕಲ್ ಭಾಯಂದರ್ ಬಿಟ್ಟು ಸೇತುವೆ ಮೇಲೆ ಗಡಗಡ ಅಂದಾಗಲೇ ನಾವು ದ್ವೀಪ ದಾಟೋದು.

ದೋಣಿ ಸವಾರಿ ಬೇಕೇ? ಬೋರಿವಲಿಯಿಂದ ಗೊರಾಯಿಗೆ ಫೆರಿ ಇದೆ. ಕಾಂಡ್ಲಾ ಕಾಡು ನೋಡುತ್ತ ಖಾಡಿ ದಾಟಿದರೆ ವಿಪಶ್ಯನಾ ಪಗೋಡ, ಅದರಾಚೆ ಬೀಚು.

ಗುಡ್ಡ ಹತ್ತಬೇಕೇ? ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ ಬಂಡೆ ಕೊರೆದು ಮಾಡಿದ ನೂರಕ್ಕೂ ಹೆಚ್ಚು ಕಾನ್ಹೇರಿ ಗುಹೆಗಳಿವೆ. ಅಲ್ಲಿನ 9ನೇ ಶತಮಾನದ ಶಾಸನಗಳಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಹೆಸರಿದೆ. ಆಗ ಕೊಂಕಣ ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಮಳಖೇಡದ ದೊರೆಯ ಹೆಸರು ಇಲ್ಲಿಯವರೆಗೆ ಬಂದಿದೆ. ಪಕ್ಕದಲ್ಲೇ ಇರುವ ಕನ್ನಡಿಗರಿಗೆ ಹೋಗಿ ನೋಡಲು ಪುರುಸೊತ್ತಿಲ್ಲ.

ಸೋಮವಾರ ಉದ್ಯಾನ ಮುಚ್ಚಿರುತ್ತೆ. ಉಳಿದ ದಿನ ಧಾರಾಳವಾಗಿ ಹೋಗಿ. ಕೋತಿಗಳಿವೆ, ಬುತ್ತಿ ಚೀಲ ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ.